ಡಾಕ್ಟರ್ ಪಾಪನಿಕೊಲೌ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನನ್ನು ನಾವು ಅವಿವೇಕಿಯೆನ್ನುತ್ತೇವೆ. ಆದರೆ ವ್ಯಾಧಿಯು ಬಲಿತು ದುಸ್ಸಾಧ್ಯವಾದ ಮೇಲೆ ವೈದ್ಯರ ಬಾಗಿಲನ್ನು ತಟ್ಟುವ ನಮ್ಮ ಪದ್ಧತಿಯು ಅದಕ್ಕಿಂತ ಭಿನ್ನವಾದುದಲ್ಲ. ರೋಗವು ತಲೆಯೆತ್ತುವ ಮುನ್ನವೇ ಅದರ ಗುರುತನ್ನು ಹಿಡಿಯುವ ಸುಲಭೋಪಾಯವೊಂದನ್ನು ಲೋಕಕ್ಕೆ ತೋರಿಸಿಕೊಟ್ಟ ಡಾಕ್ಟರ್ ಜಾರ್ಜ್ ಪಾಪನಿಕೊಲೌ ಅವರ ಚರಿತ್ರೆಯು ಈ ಕಾರಣದಿಂದ ಮನನಯೋಗ್ಯವಾಗಿದೆ.

ಇವರು 1883ರಲ್ಲಿ ಗ್ರೀಸ್ ದೇಶದ ಕೀಮಿ ಎಂಬ ಊರಿನಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಅಥೆನ್ಸಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1913ರಲ್ಲಿ ಪತ್ನಿಯೊಡನೆ ನ್ಯೂಯಾರ್ಕಿಗೆ ಬಂದಾಗ ಕೈಯಲ್ಲಿ ಹಣವಿರಲಿಲ್ಲ, ಅಲ್ಲಿಯ ಭಾಷೆಯೂ ಬಾರದು. ಜೀವನೋಪಾಯಕ್ಕಾಗಿ ಪತ್ನಿಯು ಅಂಗಡಿಯೊಂದರಲ್ಲಿ ಗುಂಡಿ ಹೊಲಿದರು. ಪತಿಯು ರತ್ನಗಂಬಳಿ ಮಾರಲು ನಿಂತರು. ಅನಂತರ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ದೊರೆಯಿತು.

ಅಲ್ಲಿ ಅವರು ಮೊದಲು ಗಿನಿ ಹಂದಿಗಳ ಯೋನಿಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರೊಳಗಿನ ಜೀವಕೋಶಗಳು ಋತುಚಕ್ರವನ್ನನುಸರಿಸಿ ಬದಲಾಗುವುದನ್ನು ಕಂಡರು. ಇದರ ವಿವರವು 1917ರಲ್ಲಿ ಪ್ರಕಟವಾಯಿತು. ಬಳಿಕ ಸ್ತ್ರೀಯರಲ್ಲಿ ಅದೇ ಶೋಧನೆಯನ್ನು ಕೈಗೊಂಡಾಗ, ಪತ್ನಿಯು ಪ್ರಯೋಗಶಾಲೆಯ ಸಹಾಯಕರಾದುದಲ್ಲದೆ ಅನೇಕ ವರ್ಷಗಳ ಕಾಲ ತಮ್ಮನ್ನೇ ಪರೀಕ್ಷೆಗೆ ಒಪ್ಪಿಸಿಕೊಂಡರು. ಗರ್ಭಕೋಶದ ಕೊರಳಿನಿಂದ ಉದುರಿದ ಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣವೇರಿಸಿ ನೋಡಿದರೆ ಕ್ಯಾನ್ಸರಿನ ವಿಕಾರಗೊಂಡ ಕೋಶಗಳು ಬೇರೆಯಾಗಿ ಕಾಣಿಸುವುವೆಂಬುದು ಅವರಿಗೆ ಸ್ಪಷ್ಟವಾಯಿತು.

1928ರಲ್ಲಿ ಈ ವಿಷಯವನ್ನು ಅವರು ಸಭೆಯೊಂದರ ಮುಂದಿಟ್ಟರು. ಆ ಸುಮಾರಿನಲ್ಲಿಯೇ ರುಮೇನಿಯದ ಔರೆಲ್ ಬಾಬೆಶ್ ಎಂಬ ವೈದ್ಯರೂ ಸ್ವತಂತ್ರವಾಗಿ ಇಂಥದೇ ಕ್ರಮವನ್ನು ಕಂಡುಕೊಂಡಿದ್ದರು. ಆದರೆ ಮಾಂಸದ ತುಣುಕನ್ನು ಕತ್ತರಿಸಿ ನೋಡುವುದೇ ಖಚಿತವೆಂದು ನಂಬಿದ್ದ ಪಂಡಿತರು ಇದನ್ನು ಉಪೇಕ್ಷಿಸಿದರು. ಹತ್ತು ವರ್ಷಗಳಿಗೂ ಮೀರಿ ಆ ವಿದ್ಯೆಯು ಮೂಲೆಗೆ ಬಿದ್ದಿತ್ತು. ಪಾಪನಿಕೊಲೌ ಅವರು ಎದೆಗುಂದಲಿಲ್ಲ. 1939ರಿಂದ ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರೌಟ್ ಅವರೊಡನೆ ಶೋಧನೆಯನ್ನು ಮುಂದುವರಿಸಿ, ಹೊರಗೆ ಯಾವ ಚಿಹ್ನೆಯೂ ಇಲ್ಲದ ಸ್ತ್ರೀಯರಲ್ಲಿಯೂ ರೋಗವನ್ನು ಪತ್ತೆಮಾಡಿದರು. 1943ರಲ್ಲಿ ಪ್ರಕಟವಾದ ಅವರ ಗ್ರಂಥವು ವೈದ್ಯಲೋಕದ ಸಂಶಯವನ್ನು ನೀಗಿಸಿತು. 1962ರಲ್ಲಿ ಅವರು ಕಾಲವಾದರು. ಪ್ಯಾಪ್ ಪರೀಕ್ಷೆಯೆಂಬ ಹೆಸರಿನಲ್ಲಿ ಅವರ ನೆನಪು ಉಳಿದಿದೆ.

ಈ ಪರೀಕ್ಷೆಯನ್ನು ಕ್ರಮಬದ್ಧವಾಗಿ ಏರ್ಪಡಿಸಿದ ದೇಶಗಳಲ್ಲಿ ಆ ರೋಗದ ಮರಣಗಳು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿದುವು. ನಮ್ಮ ದೇಶದಲ್ಲಾದರೋ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಈ ರೋಗಕ್ಕಾಗಿ ಒಮ್ಮೆಯಾದರೂ ಪರೀಕ್ಷೆಗೊಳಗಾದವರು ನೂರಕ್ಕೆ ಇಬ್ಬರೂ ಇಲ್ಲ. ಈಗ ರೋಗಕಾರಕ ವೈರಸ್ಸನ್ನೇ ಗುರುತಿಸುವ ಪರೀಕ್ಷೆಯೂ ಅದನ್ನು ತಡೆಯುವ ಲಸಿಕೆಯೂ ಬಂದಿವೆ. ಆದುದರಿಂದ ಕೊರತೆಯಿರುವುದು ವಿದ್ಯೆಯಲ್ಲಲ್ಲ, ಏರ್ಪಾಡಿನಲ್ಲಿ, ಜೊತೆಗೆ ಸಂಕೋಚದಲ್ಲಿ. ಅಧಿಕಾರಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೌಕರ್ಯವನ್ನು ತಪ್ಪದೆ ಒದಗಿಸಲಿ. ಗೃಹಸ್ಥರು ತಮ್ಮ ಮನೆಯ ಹೆಂಗಸರು ನೋವಿಲ್ಲದಾಗಲೇ ಪರೀಕ್ಷೆಗೆ ಹೋಗುವಂತೆ ಅನುಕೂಲ ಮಾಡಿಕೊಡಲಿ. ಪಂಡಿತರ ಉಪೇಕ್ಷೆಯು ಹದಿನೈದು ವರ್ಷಗಳಲ್ಲಿ ಮುಗಿಯಿತು. ನಮ್ಮ ಉಪೇಕ್ಷೆಯು ಇನ್ನೆಷ್ಟು ವರ್ಷ ನಡೆಯಬೇಕು?