ಶರೀಫರ ಕೊರಳಿಗೆ ಭಟ್ಟರ ಜನಿವಾರ

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಮುಲ್ಕಿ ಪಾಸಾಗಿ ಸಾಲಿ ಮಾಸ್ತರಿಕೆ ಮಾಡಿದವರು. ಕೈಯಾಗಿನ ನೌಕರಿ ಬಿಟ್ಟು ಕಳಸದ ಗೋವಿಂದಭಟ್ಟರ ಬೆನ್ನು ಹತ್ತಿದರು. ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ, ಮಂದಿ ಸುಮ್ಮನಿದ್ದಾರೇನು? ಕುಲ ಕೆದಕಿದವರ ಎದುರೇ ಭಟ್ಟರು ತಮ್ಮ ಶಿಷ್ಯನ ಕೊರಳಿಗೆ ಜನಿವಾರ ಹಾಕಿದರು ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ. ಹಂಗಂತ ಶರೀಫರು ಜಾತಿ ಬದಲಿಸಲಿಲ್ಲ ನೋಡ್ರಿ. ಹೆಸರು ಅದೇ, ಮನೆತನ ಅದೇ. ಗುರುವಿನ ಮ್ಯಾಲಿನ ಪ್ರೀತಿಯೂ ಕಡಿಮೆಯಾಗಲಿಲ್ಲ. ಸೋರುವ ಮಾಳಿಗೆ, ಕೋಳಿ, ಹುಬ್ಬಳ್ಳಿ ಗಿರಣಿ, ಕಣ್ಣಿಗೆ ಬಿದ್ದದ್ದರ ಮ್ಯಾಲೆಲ್ಲ ತತ್ವಪದ ಕಟ್ಟಿದರು. 1889ರಲ್ಲಿ ತೀರಿಕೊಂಡರು. ಶಿಶುನಾಳದ ಗದ್ದುಗೆಗೆ ಇವತ್ತಿಗೂ ಕಾಯಿ ಒಡಿಸುವವರೂ ಬರ್ತಾರೆ, ಸಕ್ಕರೆ ಓದಿಸುವವರೂ ಬರ್ತಾರೆ.