ಎಬಿಬಿಯ ಕೊನೆಯ 'ಬಿ'ಯ ಅಣ್ಣ: ಥಿಯೊಡೋರ್ ಬೊವೇರಿ

ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಎಬಿಬಿ ಅಂತ ಬರೆದ ಬ್ರೇಕರ್ ನೋಡದವರು ನಮ್ಮ ಕ್ಯಾಂಪಸ್ಸಿನಲ್ಲಿ ಇರಲಿಕ್ಕಿಲ್ಲ. ಆ ಹೆಸರಿನ ಕೊನೆಯ 'ಬಿ' ಅಂದ್ರೆ ಬೊವೇರಿ. 1891ರಲ್ಲಿ ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ ಬ್ರೌನ್ ಬೊವೇರಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು ವಾಲ್ಟರ್ ಬೊವೇರಿ. ನಾವು ಬರೆಯೋಕೆ ಹೊರಟಿರೋದು ಅವರ ಅಣ್ಣನ ಬಗ್ಗೆ.

ನಾವು ಅಂದ್ರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬಂದು ಹಾಸ್ಟೆಲಿನ ಒಂದೇ ಸಾಲಿನಲ್ಲಿ ಇರುವ ನಾಲ್ವರು. ಬಯಾಲಜಿ ಕಾಟ ಪಿಯುಸಿಗೇ ಮುಗೀತು ಅಂದುಕೊಂಡಿದ್ದೆವು, ನಾಲ್ಕನೇ ಸೆಮಿಸ್ಟರ್‌ನಲ್ಲಿ ಮತ್ತೆ ಬಂತು.

ಥಿಯೊಡೋರ್ ಬೊವೇರಿ ಹುಟ್ಟಿದ್ದು 1862ರಲ್ಲಿ, ಜರ್ಮನಿಯ ಬಾಂಬೆರ್ಗ್‌ನಲ್ಲಿ. ಮ್ಯೂನಿಕ್‌ಗೆ ಓದೋಕೆ ಹೋದಾಗ ಮೊದಲು ಹಿಡಿದದ್ದು ಇತಿಹಾಸ ಮತ್ತು ತತ್ವಶಾಸ್ತ್ರ. ಆಮೇಲೆ ಬ್ರಾಂಚ್ ಚೇಂಜ್ ಮಾಡಿ ಅಂಗರಚನಾಶಾಸ್ತ್ರಕ್ಕೆ ಬಂದರು. ಕುದುರೆಯ ಕರುಳಿನಲ್ಲಿರೋ ಜಂತುಹುಳದ ಮೊಟ್ಟೆಯೇ ಅವರ ಲ್ಯಾಬ್ ಆಯ್ತು. ಅದರಲ್ಲಿ ಕ್ರೋಮೋಸೋಮ್‌ಗಳು ಎರಡೋ ನಾಲ್ಕೋ ಅಷ್ಟೆ, ಎಣಿಸೋದು ಸುಲಭ. ಕೋಶ ಎರಡಾಗುವ ಮುನ್ನ ಎರಡು ಚುಕ್ಕೆಗಳು ಎದುರುಬದುರಾಗಿ ನಿಲ್ಲೋದು, ಅಲ್ಲಿಂದ ಎಳೆಗಳು ಹೊರಟು ಕ್ರೋಮೋಸೋಮ್‌ಗಳನ್ನು ಎರಡೂ ಕಡೆ ಎಳೆಯೋದು ಅವರಿಗೆ ಕಂಡಿತು. ಬೆಲ್ಜಿಯಂನ ವಾನ್ ಬೆನೆಡೆನ್ ಕೂಡ ಅದೇ ಹೊತ್ತಿಗೆ ಇದನ್ನು ನೋಡಿದ್ದರು. ಸೆಂಟ್ರೋಸೋಮ್ ಅನ್ನೋ ಹೆಸರನ್ನು 1888ರಲ್ಲಿ ಕೊಟ್ಟವರು ಬೊವೇರಿ. (ಇಂಡಿಯವನಿಗೆ ಬೇಜಾರಾದ ವಿಷಯ: ಅವನ ತೋಟದ ನಿಂಬೆಗಿಡಕ್ಕೆ ಸೆಂಟ್ರೋಸೋಮೇ ಇಲ್ಲ. ಹೂಬಿಡುವ ಗಿಡಗಳೆಲ್ಲ ಅದಿಲ್ಲದೇ ಕೋಶ ಒಡೆಯುತ್ತವೆ.)

1893ರಲ್ಲಿ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಪ್ರೊಫೆಸರ್ ಆದರು. ನಮಗೆ ತುಂಬಾ ಹಿಡಿಸಿದ್ದು 1902ರಲ್ಲಿ ಪ್ರಕಟವಾದ ಅವರ ಪ್ರಯೋಗ. ಸೀ ಅರ್ಚಿನ್ ಅನ್ನೋ ಮುಳ್ಳುಚೆಂಡಿನಂಥ ಕಡಲಜೀವಿಯ ಒಂದು ಮೊಟ್ಟೆಗೆ ಎರಡು ವೀರ್ಯಾಣು ಹೊಕ್ಕರೆ, ಎರಡಿರಬೇಕಾದ ಕಡೆ ನಾಲ್ಕು ಸೆಂಟ್ರೋಸೋಮ್ ಆಗುತ್ತವೆ. ಮೊಟ್ಟೆ ಒಂದೇ ಸಲಕ್ಕೆ ನಾಲ್ಕು ಹೋಳು! ಯಾವ ಹೋಳಿಗೆ ಯಾವ ಕ್ರೋಮೋಸೋಮ್ ಅನ್ನೋದು ಪೂರ್ತಿ ಲಾಟರಿ. ಆ ಹೋಳುಗಳನ್ನು ಬಿಡಿಸಿ ಬೆಳೆಸಿದರೆ ಒಂದೊಂದು ಒಂದೊಂದು ಥರ ಕೆಟ್ಟವು. ಪೂರ್ತಿ ಸೆಟ್ ಸಿಗುವ ಸಾಧ್ಯತೆ ಎಷ್ಟು ಅಂತ ತಿಳಿಯೋಕೆ ಅವರು ಅಂಕಿ ಹಾಕಿದ ಗುಂಡುಗಳನ್ನು ಉರುಳಿಸಿ ಎಣಿಸಿದರು. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಶನ್ ಅದು. ಪ್ರತಿ ಕ್ರೋಮೋಸೋಮಿಗೂ ಬೇರೆ ಬೇರೆ ಕೆಲಸ ಇದೆ ಅನ್ನೋದು ಇದರಿಂದ ಗಟ್ಟಿಯಾಯ್ತು.

ಹೆಂಡತಿ ಮಾರ್ಸೆಲಾ ಓ'ಗ್ರೇಡಿ ಅಮೆರಿಕದವರು, ಎಂಐಟಿಯಲ್ಲಿ ಬಯಾಲಜಿ ಡಿಗ್ರಿ ಪಡೆದ ಮೊದಲ ಹೆಣ್ಣುಮಗಳು. ಪ್ರಯೋಗಗಳಲ್ಲಿ ಜೊತೆಗಿದ್ದರು. ಬೊವೇರಿಯವರ ಆರೋಗ್ಯ ಮಾತ್ರ ಯಾವತ್ತೂ ಕೈಕೊಡುತ್ತಿತ್ತು. ಬರ್ಲಿನ್‌ನ ಹೊಸ ಸಂಸ್ಥೆಗೆ ಡೈರೆಕ್ಟರ್ ಆಗಿ ಅಂತ ಕರೆದರೂ ಹೋಗೋಕೆ ಆಗ್ಲಿಲ್ಲ. 1914ರಲ್ಲಿ ಸಣ್ಣ ಪುಸ್ತಕವೊಂದನ್ನು ಬರೆದು, ಕ್ರೋಮೋಸೋಮ್ ಹಂಚಿಕೆ ತಪ್ಪಿದ ಒಂದೇ ಕೋಶದಿಂದ ಕ್ಯಾನ್ಸರ್ ಶುರುವಾಗಬಹುದು ಅಂತ ವಾದಿಸಿದರು. ಮರುವರ್ಷ ಅಕ್ಟೋಬರ್ 15ಕ್ಕೆ ತೀರಿಕೊಂಡರು, 53 ವರ್ಷಕ್ಕೆ. ಆ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಮಾರ್ಸೆಲಾ, 1929ರಲ್ಲಿ.

ಆ ಚುಕ್ಕೆಯೊಳಗೆ ನೂರಾರು ಪ್ರೋಟೀನ್‌ಗಳಿವೆ ಅಂತ ಈಗ ಗೊತ್ತು. ಗಾಮಾ ಟ್ಯೂಬ್ಯುಲಿನ್ ಎಳೆಗಳಿಗೆ ಬೀಜ ಹಾಕುತ್ತದೆ. ಸೆಂಟ್ರೋಸೋಮ್ ಒಂದಿದ್ದದ್ದು ಎರಡಾಗೋಕೆ ಸ್ಟಿಲ್ ಅನ್ನೋ ಪ್ರೋಟೀನ್ ಬೇಕೇ ಬೇಕು. ಅದರ ಜೀನ್ ಕೆಟ್ಟರೆ ಮಗು ತೀರಾ ಸಣ್ಣ ತಲೆಯೊಂದಿಗೆ ಹುಟ್ಟುತ್ತದೆ ಅಂತ 2009ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿ ಮತ್ತು ನಿಮ್ಹಾನ್ಸ್‌ನವರು, ಭಾರತದ ಕುಟುಂಬಗಳನ್ನೇ ಪರೀಕ್ಷಿಸಿ. ಕೆಟ್ಟ ಪ್ರತಿ ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಹಾಗಾಗಿ ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಈ ಅಪಾಯ ಸ್ವಲ್ಪ ಹೆಚ್ಚು.

ನಮ್ಮಲ್ಲೊಬ್ಬನ ಊರಲ್ಲಿ ಅಂಥ ತಲೆಯ ಹುಡುಗನಿದ್ದಾನೆ. ಬಸುರಿದ್ದಾಗ ಅವ್ವ ಗ್ರಹಣದಾಗ ಹೊರಗ ಬಂದಿದ್ಳು ಅಂತ ಎಲ್ಲರೂ ಅವಳನ್ನೇ ಬೈತಾರೆ. ಈ ಬೇಸಿಗೆಗೆ ಅದೇ ಗೆಳೆಯನ ಅಕ್ಕನ ಮದುವೆ, ಸೋದರಮಾವನ ಜೊತೆ. ರಜೆಗೆ ಹೋದಾಗ ಮನೆಯಲ್ಲಿ ಈ ಮಾತು ತೆಗೆಯೋದು ಹ್ಯಾಂಗ ಅಂತ ನಾವು ಮೊನ್ನೆ ರಾತ್ರಿ ಎರಡರ ತನಕ ಕೂತು ಮಾತಾಡಿದೆವು.