ಎಂ. ಗೋಪಾಲಕೃಷ್ಣ ಅಡಿಗ

ಮೊಗೇರಿ ಗೋಪಾಲಕೃಷ್ಣ ಅಡಿಗ (೧೮ ಫೆಬ್ರವರಿ ೧೯೧೮ – ೧೪ ನವೆಂಬರ್ ೧೯೯೨) ಕನ್ನಡದ ಪ್ರಮುಖ ಕವಿ, ವಿಮರ್ಶಕ, ಅನುವಾದಕ ಮತ್ತು ಸಂಪಾದಕರು. ಕನ್ನಡ ನವ್ಯಕಾವ್ಯದ ಪ್ರವರ್ತಕರೆಂದು ಅವರನ್ನು ಗುರುತಿಸಲಾಗುತ್ತದೆ. ಸ್ವಾತಂತ್ರ್ಯಾನಂತರದ ಭ್ರಮನಿರಸನ, ಪರಂಪರೆಯೊಡನೆ ವ್ಯಕ್ತಿಯ ಸಂಘರ್ಷ ಹಾಗೂ ಆತ್ಮಶೋಧನೆ ಅವರ ಕಾವ್ಯದ ಮುಖ್ಯ ವಸ್ತುಗಳು.

ಜನನ ಮತ್ತು ಶಿಕ್ಷಣ

ಅಡಿಗರು ಇಂದಿನ ಉಡುಪಿ ಜಿಲ್ಲೆಯ ಬೈಂದೂರು ಸಮೀಪದ ಮೊಗೇರಿಯಲ್ಲಿ ವೈದಿಕ ಮನೆತನವೊಂದರಲ್ಲಿ ಜನಿಸಿದರು. ಕರಾವಳಿಯ ಯಕ್ಷಗಾನ, ಭೂತಾರಾಧನೆ ಮತ್ತು ಪುರಾಣಶ್ರವಣದ ಪರಿಸರ ಅವರ ಕಾವ್ಯಭಾಷೆಗೆ ಆಧಾರವಾಯಿತು. ಮೈಸೂರಿನಲ್ಲಿ ಉನ್ನತ ಶಿಕ್ಷಣ ಪಡೆದು, ಮುಂದೆ ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು.

ವೃತ್ತಿ ಮತ್ತು ಸಾರ್ವಜನಿಕ ಜೀವನ

ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅಡಿಗರು ಅನಂತರ ಸಾಗರದ ಲಾಲ್ ಬಹಾದುರ್ ಕಾಲೇಜು ಮತ್ತು ಉಡುಪಿಯ ಪೂರ್ಣಪ್ರಜ್ಞ ಕಾಲೇಜುಗಳಲ್ಲಿ ಪ್ರಾಂಶುಪಾಲರಾದರು. ಅವರು ಸಂಪಾದಿಸಿದ 'ಸಾಕ್ಷಿ' ಪತ್ರಿಕೆ ನವ್ಯ ಲೇಖಕರಿಗೂ ಹೊಸ ವಿಮರ್ಶೆಗೂ ವೇದಿಕೆಯಾಯಿತು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿನಿಂದ ಜನಸಂಘದ ಅಭ್ಯರ್ಥಿಯಾಗಿ ಸ್ಪರ್ಧಿಸಿ ಸೋತರು. ಈ ನಿರ್ಧಾರ ಅವರ ಅಭಿಮಾನಿಗಳಾಗಿದ್ದ ಸಮಾಜವಾದಿ ಲೇಖಕರಲ್ಲಿ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ (೧೯೭೫–೭೭) ಅವರು ಸರ್ವಾಧಿಕಾರವನ್ನು ಖಂಡಿಸುವ ಕವಿತೆಗಳನ್ನು ಬರೆದರು.

ಕಾವ್ಯದ ಬೆಳವಣಿಗೆ

ಮೊದಲ ಸಂಕಲನ 'ಭಾವತರಂಗ' (೧೯೪೬) ನವೋದಯದ ಭಾವಗೀತೆಯ ಮಾರ್ಗದಲ್ಲಿದೆ. 'ಕಟ್ಟುವೆವು ನಾವು' (೧೯೪೮) ಹೊಸ ನಾಡನ್ನು ಕಟ್ಟುವ ಉತ್ಸಾಹವನ್ನು ವ್ಯಕ್ತಪಡಿಸುತ್ತದೆ. ಆದರೆ ಸ್ವತಂತ್ರ ಭಾರತದ ವಾಸ್ತವ ಆ ಕನಸಿಗೆ ಹೊಂದಲಿಲ್ಲ. ತಾವೇ ಪಳಗಿಸಿಕೊಂಡಿದ್ದ ಇಂಪಾದ ಶೈಲಿ ಈ ಅನುಭವಕ್ಕೆ ಸಾಲದೆಂದು ಕಂಡುಕೊಂಡ ಅಡಿಗರು ಅದನ್ನು ತೊರೆದರು. 'ಚಂಡೆಮದ್ದಳೆ' (೧೯೫೪) ಈ ತಿರುವನ್ನು ಸೂಚಿಸುತ್ತದೆ. ವೀಣೆ, ಕೊಳಲುಗಳ ಬದಲು ಯಕ್ಷಗಾನದ ಅಬ್ಬರದ ವಾದ್ಯಗಳನ್ನು ಹೆಸರಿಗೆ ಆಯ್ದುಕೊಂಡುದರಲ್ಲೇ ಹೊಸ ಲಯದ ಸೂಚನೆಯಿದೆ. 'ಭೂಮಿಗೀತ' (೧೯೫೯) ಮತ್ತು 'ವರ್ಧಮಾನ' (೧೯೭೨) ಅವರ ಪ್ರೌಢ ಸಂಕಲನಗಳು.

ವಸ್ತು ಮತ್ತು ಪ್ರತೀಕಗಳು

ಅಡಿಗರು ವಿಚಾರವನ್ನು ನೇರವಾಗಿ ಹೇಳದೆ ಪ್ರತೀಕಗಳ ಮೂಲಕ ಬೆಳೆಸುತ್ತಾರೆ. 'ಭೂತ' ಕವಿತೆಯ ಶೀರ್ಷಿಕೆಗೆ ಗತಕಾಲ ಮತ್ತು ಪ್ರೇತ ಎಂಬ ಎರಡು ಅರ್ಥಗಳಿವೆ. ಇಲ್ಲಿ ಕಾಡುವ ಪೂರ್ವಿಕರನ್ನು ಕುರುಡಾಗಿ ಪೂಜಿಸುವುದೂ ತಿರಸ್ಕರಿಸುವುದೂ ಪರಿಹಾರವಲ್ಲ. ನೆಲವನ್ನು ಅಗೆದು, ಅದಿರನ್ನು ಸೋಸಿ, ಚಿನ್ನವಾಗಿಸಿಕೊಳ್ಳಬೇಕು. 'ಕೂಪಮಂಡೂಕ' ಕವಿತೆಯಲ್ಲಿ ಬಾವಿಯ ಕಪ್ಪೆ ಕವಿಯ ಸೃಜನಶೀಲತೆಯ ಬಿಕ್ಕಟ್ಟಿಗೆ ಸಂಕೇತವಾಗುತ್ತದೆ. 'ಶ್ರೀರಾಮನವಮಿಯ ದಿವಸ' ಹಬ್ಬದ ಪಾನಕ, ಕೋಸಂಬರಿಗಳಿಂದ ಹೊರಟು ವಾಲ್ಮೀಕಿಯ ಹುತ್ತಗಟ್ಟಿದ ತಪಸ್ಸಿನತ್ತ ಸಾಗಿ, ಆಚರಣೆಗೂ ಸಾಧನೆಗೂ ಇರುವ ಅಂತರವನ್ನು ತೋರಿಸುತ್ತದೆ.

ಅಮೆರಿಕದ ಕಾವ್ಯದೊಡನೆ ಹೋಲಿಕೆ

ಅಮೆರಿಕದಲ್ಲಿ ಯಂತ್ರನಾಗರಿಕತೆ ಮತ್ತು ಯುದ್ಧೋತ್ತರ ಸಮಾಜವನ್ನು ಪ್ರತಿಭಟಿಸಿದ 'ಬೀಟ್' ಕವಿಗಳ ಪ್ರಸಿದ್ಧ ಕೃತಿ, ಅಲೆನ್ ಗಿನ್ಸ್‌ಬರ್ಗ್ ಅವರ 'ಹೌಲ್', ಪ್ರಕಟವಾದುದು ೧೯೫೬ರಲ್ಲಿ. 'ಚಂಡೆಮದ್ದಳೆ' ಅದಕ್ಕಿಂತ ಎರಡು ವರ್ಷ ಹಿಂದಿನದು. ಆದ್ದರಿಂದ ಇವೆರಡರ ನಡುವಿನ ಸಾಮ್ಯವನ್ನು ಪ್ರಭಾವವೆನ್ನದೆ, ಸಮಕಾಲೀನ ತಳಮಳದ ಸಮಾನ ಅಭಿವ್ಯಕ್ತಿಯೆಂದು ತಿಳಿಯುವುದು ಸೂಕ್ತ. ಅಡಿಗರ ಮೇಲೆ ಟಿ. ಎಸ್. ಎಲಿಯಟ್ ಅವರ ಕಾವ್ಯದ ಪ್ರಭಾವವಿದೆ. ಬೀಟ್ ಕವಿಗಳು ಗೌರವಿಸುತ್ತಿದ್ದ ವಾಲ್ಟ್ ವಿಟ್ಮನ್ ಅವರ ಕವಿತೆಗಳನ್ನು ಅಡಿಗರು 'ಹುಲ್ಲಿನ ದಳಗಳು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಬೀಟ್ ಕವಿಗಳು ಕಟ್ಟುಪಾಡುಗಳಿಂದ ಹೊರಬಂದು ಮುಕ್ತಿಯನ್ನು ಅರಸಿದರೆ, ಅಡಿಗರು ಪರಂಪರೆಯ ಒಳಗೇ ನಿಂತು ಅದರೊಡನೆ ಜಗಳವಾಡಿದರು.

ಪ್ರಶಸ್ತಿ ಮತ್ತು ಗೌರವಗಳು

'ವರ್ಧಮಾನ' ಸಂಕಲನಕ್ಕೆ ೧೯೭೪ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ೧೯೭೯ರಲ್ಲಿ ಧರ್ಮಸ್ಥಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಡಿಗರು ಅಧ್ಯಕ್ಷರಾಗಿದ್ದರು. ಮಧ್ಯಪ್ರದೇಶ ಸರ್ಕಾರದ ಕಬೀರ್ ಸಮ್ಮಾನವೂ ಅವರಿಗೆ ಸಂದಿದೆ.

ನಿಧನ

ಅಡಿಗರು ೧೯೯೨ರ ನವೆಂಬರ್ ೧೪ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಕೊನೆಯ ಸಂಕಲನ 'ಬಾ ಇತ್ತ ಇತ್ತ' ಮರಣಾನಂತರ ಪ್ರಕಟವಾಯಿತು.